ಹುಣಸೆಬೀಜದ ಎಣ್ಣೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಎಳೆದು, ಕಾಫಿಗೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಅಡುಗೆಮನೆ ಗುಡಿಸಿಬಿಡೋಣವೆಂದು ಪೊರಕೆ ಹಿಡಿದೆ. ಪುಷ್ಯಮಾಸದ ಚಳಿ. ಗೋಪಾಲಸ್ವಾಮಿ ಬೆಟ್ಟದ ಮಂಜು ಆ ದಿನಗಳಲ್ಲಿ ನಮ್ಮ ಗುಂಡ್ಲುಪೇಟೆಯ ಬೀದಿಯವರೆಗೂ ಇಳಿದುಬಂದು, ಹಾಲಿನವಳ ಜೊತೆಯಲ್ಲೇ ನಮ್ಮ ಬಾಗಿಲು ತಟ್ಟುತ್ತಿತ್ತು. ಒರಳುಕಲ್ಲಿನ ಮರೆಯಿಂದ ಒಂದು ಹುಣಸೆಬೀಜ ಪೊರಕೆಯ ತುದಿಗೆ ಸಿಕ್ಕಿ, ಟಣ್ಣನೆ ಹೊಸ್ತಿಲಿಗೆ ಬಡಿದು, ಅಲ್ಲೇ ಒಂದು ಸುತ್ತು ತಿರುಗಿ ನಿಂತಿತು. ಎರಡು ತಿಂಗಳ ಹಿಂದೆ ಆಗಿದ್ದರೆ ಅದು ಕಸದ ಸಂಗಡ ತಿಪ್ಪೆ ಸೇರುತ್ತಿತ್ತು. ಆ ದಿನ ನಾನು ಬಗ್ಗಿ ಅದನ್ನು ಹೆಕ್ಕಿಕೊಂಡೆ. ಸೀರೆಗೆ ಒರೆಸಿ ಬೆಳಕಿಗೆ ಹಿಡಿದು ನೋಡಿದೆ. ಕಂದು ಮೈಯ ಮೇಲೆ ಬೆಳಕಿಂಡಿಯೇ ಪುಟ್ಟದಾಗಿ ಹೊಳೆಯುತ್ತಿತ್ತು. ಯಾರ ಕೈಯಿಂದ ಜಾರಿದ್ದೆಂದು ನನಗೆ ಗೊತ್ತಿತ್ತು. ನಗು ತಡೆದುಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟೆ. ಅಂದು ಮೀಟರು ನೋಡುವವರು ಬರುವ ದಿನ. ಅಂಥ ದಿನ ನಮ್ಮ ಮನೆಯಲ್ಲಿ ಒಂದು ಹುಣಸೆಬೀಜವೂ ದಂಡವಾಗಬಾರದು.

ಮೀಟರಿಗೂ ಹುಣಸೆಬೀಜಕ್ಕೂ ಏನು ನೆಂಟಸ್ತನ ಎನ್ನುತ್ತೀರಲ್ಲವೇ? ಹೇಳುತ್ತೇನೆ, ಮಣೆ ಎಳೆದುಕೊಂಡು ಕೂತುಕೊಳ್ಳಿ.

ನಮ್ಮ ಮನೆಗೆ ವಿದ್ಯುತ್ತು ಬಂದದ್ದು ಆ ವರ್ಷದ ಯುಗಾದಿಯ ಆಚೀಚೆ. ನನ್ನ ತವರಾದ ಚಾಮರಾಜನಗರದಲ್ಲಿ ಅದಕ್ಕೂ ಮೊದಲೇ ದೀಪ ಕಂಡಿದ್ದೆನಾದರೂ, ಅದು ಅಪ್ಪನ ಮನೆಯ ದೀಪ, ಇದು ನನ್ನದು. ನಾಲ್ಕು ಬಲ್ಬು: ಪಡಸಾಲೆಗೊಂದು, ದೇವರಮನೆಗೊಂದು, ಅಡುಗೆಮನೆಗೊಂದು, ಹಿತ್ತಿಲಿಗೊಂದು. ನಾಲ್ಕರಲ್ಲಿ ನನಗೆ ಪ್ರಾಣವೆಂದರೆ ಅಡುಗೆಮನೆಯದು. ಆ ಕೋಣೆಗೆ ಕಿಟಕಿಯೆಂದು ಇದ್ದದ್ದು ಅಂಗೈಯಗಲದ ಬೆಳಕಿಂಡಿ. ಅದರಲ್ಲೂ ಬೆಳಕು ಬರುವುದಕ್ಕಿಂತ ಹೊಗೆ ಹೋಗುವ ದಟ್ಟಣೆಯೇ ಹೆಚ್ಚು. ಮದುವೆಯಾಗಿ ಬಂದಂದಿನಿಂದ ಸೀಮೆಎಣ್ಣೆ ಬುಡ್ಡಿಯ ಮುಂದೆ, ಉಪ್ಪು ಯಾವುದು ಹಿಟ್ಟು ಯಾವುದೆಂದು ನಾಲಗೆಗೆ ಮುಟ್ಟಿಸಿ ನೋಡಿಯೇ ರಾತ್ರಿಯಡುಗೆ ಮಾಡಿದವಳು ನಾನು. ಬಲ್ಬು ಬಂದ ದಿನ ಒಗ್ಗರಣೆಗೆ ಹಾಕಿದ ಕರಿಬೇವು ರಾತ್ರಿಯ ಹೊತ್ತಿನಲ್ಲೂ ಹಸಿರಾಗಿಯೇ ಇರುತ್ತದೆಂಬುದನ್ನು ಮೊದಲ ಸಲ ಕಂಡು, ಸೌಟು ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ. ಸಾಸಿವೆ ಸೀದುಹೋಯಿತು. ಹೋಗಲಿ, ಅಂಥ ಚಂದಕ್ಕೆ ಒಂದು ಒಗ್ಗರಣೆ ಸೀದರೇನು!

ಆದರೆ ತಿಂಗಳು ತಿಂಗಳಿಗೂ ಬಿಲ್ಲು ಏರುತ್ತ ಹೋಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾದ ನಮ್ಮವರು ಮಾತು ಕಡಿಮೆ, ತೀರ್ಮಾನ ಹೆಚ್ಚು ಎನ್ನುವ ಪಂಗಡದವರು. ಕಾರ್ತಿಕ ಮುಗಿದ ಮೇಲೆ ಬಂದ ಬಿಲ್ಲನ್ನು ಎರಡು ಸಲ ಓದಿ, ಮಡಿಸಿ, ಕನ್ನಡಕ ತೆಗೆದರು. ಕನ್ನಡಕ ತೆಗೆದರೆಂದರೆ ತೀರ್ಪು ಬಂತೆಂದೇ ಅರ್ಥ.

"ಹೀಗೇ ಆದರೆ ಒಂದು ದೀಪ ತೆಗೆಸಬೇಕಾಗುತ್ತೆ. ಪಡಸಾಲೆಗೆ ಜನ ಬರ್ತಾರೆ. ದೇವರಮನೇದು ಅಮ್ಮ ಬಿಡೋದಿಲ್ಲ. ಹಿತ್ತಿಲಲ್ಲಿ ಹುಳಹುಪ್ಪಟೆ. ಅಡುಗೆಮನೇದು ತೆಗೆಸೋಣ. ಅಡುಗೆ ಹೊತ್ತಿದ್ದಾಗಲೇ ಮುಗಿಸಿಬಿಟ್ಟರಾಯ್ತು."

"ಊಟವನ್ನೂ ಹೊತ್ತಿದ್ದಾಗಲೇ ಮುಗಿಸಿಬಿಡೋಣವೇ?" ಎಂದೆ.

ಅವರು ಕನ್ನಡಕ ಹಾಕಿಕೊಂಡರು. "ಇನ್ನೊಂದು ಸಲ ಮೀಟರು ನೋಡೋವರೆಗೆ ಸಮಯ. ಇಳಿದರೆ ಇರಲಿ. ಇಲ್ಲದಿದ್ದರೆ ವೈರಿನವನಿಗೆ ಹೇಳ್ತೀನಿ."

ಬಿಲ್ಲು ಏಕೆ ಏರುತ್ತಿದೆಯೆಂದು ಅವರಿಗೆ ತಿಳಿಯದು. ನನಗೆ ತಿಳಿದಿತ್ತು, ಹೇಳಲಾಗದು. ನಮ್ಮ ಅತ್ತೆಯವರು ತೆರಕಣಾಂಬಿಯ ಕಡೆಯವರು. ಮೂರುಸಂಜೆಯಾಗುತ್ತಲೇ ಕೈಕಾಲು ತೊಳೆದು, ಹಣೆಗಿಟ್ಟುಕೊಂಡು, ಮುಂಬಾಗಿಲು ತೆರೆದಿಟ್ಟು, ನಾಲ್ಕು ಸ್ವಿಚ್ಚುಗಳನ್ನೂ ಒಂದೊಂದಾಗಿ ಒತ್ತಿ, ಪ್ರತಿ ಬಲ್ಬಿಗೂ ತಲೆಯೆತ್ತಿ ಕೈಮುಗಿಯುತ್ತಿದ್ದರು. ಅಷ್ಟಾದರೆ ಒಳ್ಳೆಯದೇ. ಆದರೆ ಹಚ್ಚಿದ ದೀಪವನ್ನು ಹೆಂಗಸರು ಕೈಯಾರೆ ಆರಿಸುವುದು ಅವರ ಮನೆತನದಲ್ಲಿಲ್ಲ. ಎಣ್ಣೆ ತೀರಬೇಕು, ದೀಪ ತಾನಾಗಿ ಶಾಂತವಾಗಬೇಕು. ಅವರೂ ಆರಿಸರು, ನಾನು ಆರಿಸಹೋದರೆ ಬಿಡರು. ಈ ಹೊಸ ದೀಪದ ಎಣ್ಣೆಯೋ ಶಿವನಸಮುದ್ರದ ಕಡೆಯಿಂದ ತಂತಿಯ ಮೇಲೆ ಬರುವುದು, ಅದು ತೀರುವುದೆಂದರೇನು! ನಮ್ಮವರು ಮಲಗುವ ಮುನ್ನ ಪಡಸಾಲೆಯದನ್ನು ಆರಿಸುತ್ತಿದ್ದರು. ಮಿಕ್ಕವು ನೆನಪಾದರೆ ಉಂಟು. ಎಷ್ಟೋ ಸಲ ನಾನು ಬೆಳಿಗ್ಗೆ ಎದ್ದಾಗ ಹಿತ್ತಿಲ ಬಲ್ಬು ಸೂರ್ಯನ ಎದುರಿಗೆ ಮುಖ ಬಾಡಿಸಿಕೊಂಡು ಉರಿಯುತ್ತಿರುತ್ತಿತ್ತು. ಅತ್ತೆಯವರನ್ನು ದೂರಿ ಬಲ್ಬು ಉಳಿಸಿಕೊಳ್ಳಲೇ? ಅಥವಾ ಸುಮ್ಮನಿದ್ದು ಮತ್ತೆ ಬುಡ್ಡಿಯ ಹೊಗೆಗೆ ಹೋಗಲೇ? ಎರಡೂ ಬೇಡವೆನಿಸಿತು.

ಆ ಹೊತ್ತಿನಲ್ಲಿ ನನಗೆ ದಾರಿ ತೋರಿದ್ದು ಇಬ್ಬರ ಮಾತು. ಒಂದು, ಮೀಟರು ನೋಡುವ ಶಾಮಣ್ಣನದು. ಸಂಜೆಯಲ್ಲಿ ನಮ್ಮ ಬಲ್ಬುಗಳು ಹಣ್ಣುಮೆಣಸಿನಕಾಯಿಯಂತೆ ಕೆಂಪಾಗಿ ಕುಗ್ಗುತ್ತವೆ, ಏಕೆ ಎಂದು ಕೇಳಿದ್ದಕ್ಕೆ ಅವನು, "ಊರಿಗೆಲ್ಲ ಒಂದೇ ಬಾವಿ ಅನ್ಕಳಿ ಅಮ್ಮಾವ್ರೆ. ಮೂರ್ಸಂಜೇಲಿ ಎಲ್ರೂ ಒಟ್ಗೆ ಬಿಂದಿಗೆ ಬುಟ್ರೆ ನೀರು ತಳ ಕಾಣದೆ ಇದ್ದದಾ?" ಎಂದಿದ್ದ. ಇನ್ನೊಂದು, ಬಹಳ ಹಿಂದಿನದು. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಸಮುದ್ರದಾಚೆಯವರು. ಅವರ ದೇಶದಲ್ಲಿ ಕೆಲವು ಕಡೆ ವಿದ್ಯುತ್ತಿಗೆ ಹೊತ್ತಿಗೊಂದು ದರವೆಂದೂ, ಎಲ್ಲರಿಗೂ ಬೇಕಾದ ಹೊತ್ತಿನಲ್ಲಿ ಹೆಚ್ಚು, ಯಾರಿಗೂ ಬೇಡದ ಹೊತ್ತಿನಲ್ಲಿ ಕಡಿಮೆಯೆಂದೂ, ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದರು. ಆಗ ನಾವು ಹುಡುಗಿಯರು ಅದನ್ನು ಕಥೆಯೆಂದು ತಿಳಿದಿದ್ದೆವು. ಆ ಸಿಸ್ಟರು ಗಂಟೆ ಬಾರಿಸಿದರೆ ಪ್ರಾರ್ಥನೆ, ಗಂಟೆ ಬಾರಿಸಿದರೆ ಊಟ, ಗಂಟೆ ಬಾರಿಸಿದರೆ ನಗುವುದಕ್ಕೂ ಅಪ್ಪಣೆ. ಹೊತ್ತೆಂಬುದು ಎಲ್ಲೆಲ್ಲೂ ಒಂದೇ ಅಲ್ಲ, ಹೊಳೆಯಂತೆ ಅದಕ್ಕೆ ಮಡುವೂ ಉಂಟು, ಮರಳೂ ಉಂಟು ಎಂದು ಆ ಗಂಟೆಯೇ ನನಗೆ ಕಲಿಸಿತ್ತೇನೋ.

ನಮ್ಮ ಮೀಟರಿಗೆ ಹೊತ್ತು ಗೊತ್ತಿಲ್ಲ, ನಿಜ; ಅದರ ಚಕ್ರಕ್ಕೆ ಸಂಜೆಯೂ ಒಂದೇ, ಸರಿರಾತ್ರಿಯೂ ಒಂದೇ. ಆದರೆ ಮನೆಗೆ ಹೊತ್ತು ಗೊತ್ತುಂಟಲ್ಲ! ಐದು ಜನ ನಾಲ್ಕು ಕಡೆ ಚದುರಿ ನಾಲ್ಕು ದೀಪ ಉರಿಸುವುದು ಸಂಜೆಯಲ್ಲೇ. ಹಾಗಾದರೆ ದರ ಗೊತ್ತುಮಾಡುವ ಕೆಲಸವನ್ನು ನಾನೇ ವಹಿಸಿಕೊಂಡರೆ ಏನು ಎಂದುಕೊಂಡೆ. ಅಳಗುಳಿಮಣೆಯ ಆಟಕ್ಕೆಂದು ಕೂಡಿಟ್ಟ ಹುಣಸೆಬೀಜದ ಡಬ್ಬಿಯನ್ನು ಅಟ್ಟದಿಂದ ಇಳಿಸಿದೆ. ಎಲ್ಲರಿಗೂ ಸಮವಾಗಿ ಹಂಚಿದೆ: ನಮ್ಮವರಿಗೆ, ಅತ್ತೆಯವರಿಗೆ, ಹಿರಿಮಗಳು ಸರೋಜಳಿಗೆ, ಕಿರಿಯಳು ವಿಮಲಳಿಗೆ, ನನಗೆ. ಪಡಸಾಲೆಯ ಗಡಿಯಾರ ಅರ್ಧ ಗಂಟೆಗೊಮ್ಮೆ ಹೊಡೆಯುತ್ತದೆ. ದೀಪ ಹಾಕಿದವರು, ಅದು ಹೊಡೆದಾಗಲೆಲ್ಲ, ಎಂಟು ಗಂಟೆಯವರೆಗೆ ಬಲ್ಬಿಗೆ ಎರಡು ಬೀಜ ಕೊಡಬೇಕು. ಎಂಟರ ಮೇಲೆ ಒಂದು. ಬೆಳಗಿನ ಜಾವ ಪುಕ್ಕಟೆ. ಬೀಜ ಮುಗಿದವರು ಇನ್ನೊಬ್ಬರ ಬೆಳಕಿನಲ್ಲಿ ಕೂರಬೇಕು.

ಮೊದಲ ದಿನವೇ ನನ್ನ ಜಾಣತನ ಮಣ್ಣುಮುಕ್ಕಿತು. ಅತ್ತೆಯವರು ಎಂದಿನಂತೆ ನಾಲ್ಕೂ ದೀಪ ಹಾಕಿ ಕೈಮುಗಿದರು. ಹಾಕಿದವರೇ ಕೊಡಬೇಕಾದ್ದರಿಂದ ಮಿಕ್ಕವರಿಗೆಲ್ಲ ಆರಾಮ. ನಮ್ಮವರು ಪಡಸಾಲೆಯಲ್ಲಿ ಪತ್ರಿಕೆ ಹರಡಿಕೊಂಡರು. ಹುಡುಗಿಯರು ಒಬ್ಬಳು ಇಲ್ಲಿ, ಒಬ್ಬಳು ಅಲ್ಲಿ. ಗಡಿಯಾರ ಹೊಡೆಯಿತು; ವಿಮಲ ಓಡಿಹೋಗಿ, "ಅಜ್ಜೀ, ಎಂಟು ಬೀಜ!" ಎಂದು ಕೈಯೊಡ್ಡಿದಳು. ಮತ್ತೆ ಹೊಡೆಯಿತು, ಮತ್ತೆ ಎಂಟು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅತ್ತೆಯವರ ಬಟ್ಟಲು ಬರಿದು.

ಅವರು ಬಟ್ಟಲನ್ನು ಬೋರಲು ಹಾಕಿ ನನ್ನ ಕಡೆಗೆ ನೋಡಿದರು. "ನಮ್ಮವ್ವ, ನಮ್ಮಜ್ಜಿ ಯಾರೂ ಕೊಡ್ನಿಲ್ಲ ಕಣವ್ವ. ಮೂರ್ಸಂಜೆ ದೀಪಕ್ಕೂ ಸುಂಕ ಕಟ್ಟೋ ಕಾಲ ಬಂತಾ?" ಎಂದು ಎದ್ದುಹೋದರು. ಅನ್ನ ಮುಟ್ಟಲಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿಬಿಟ್ಟರು.

ಮರುದಿನ ಸಂಜೆ ಮುಂಬಾಗಿಲು ತೆರೆಯಿತು, ದೀಪ ಬರಲಿಲ್ಲ. ಮನೆಯೊಳಗೆ ಕತ್ತಲು ಮೆಲ್ಲಗೆ ಬಂದು ಮೂಲೆಮೂಲೆಯಲ್ಲೂ ಕೂತಿತು. ಸ್ವಿಚ್ಚು ನನ್ನ ಕೈಯೆಟುಕಿನಲ್ಲೇ ಇದ್ದರೂ ಒತ್ತಲು ಧೈರ್ಯ ಬರಲಿಲ್ಲ. ಆ ಮನೆಯಲ್ಲಿ ಸಂಜೆಯನ್ನು ಬರಮಾಡಿಕೊಳ್ಳುತ್ತಿದ್ದ ಕೈಯನ್ನು ನಾನೇ ಕಟ್ಟಿಹಾಕಿದೆನಲ್ಲ! ಬಿಲ್ಲಿಗಿಂತ ಅದೇ ದೊಡ್ಡ ನಷ್ಟವೆನಿಸಿ, ಡಬ್ಬಿಯನ್ನು ಅಟ್ಟಕ್ಕೇರಿಸಿಬಿಡೋಣ, ಬಲ್ಬು ಹೋದರೆ ಹೋಗಲಿ, ಬುಡ್ಡಿ ಎಲ್ಲಿಗೂ ಓಡಿಹೋಗಿಲ್ಲವಲ್ಲ ಎಂದು ಮನಸ್ಸು ಮಾಡಿಕೊಂಡೆ.

ಅಷ್ಟರಲ್ಲಿ ದೇವರಮನೆಯಿಂದ ಅತ್ತೆಯವರ ದನಿ: "ಎಲ್ರದ್ದೂ ಬೀಜ ತಕ್ಕಂಡ್ ಬನ್ನಿ."

ಹೋಗಿ ನೋಡಿದರೆ ಅವರ ಮಡಿಲಲ್ಲಿ ಹಳೆಯ ಕಾಲದ ಹಿತ್ತಾಳೆಯ ಹಣತೆ, ಹುಣಸೆಹಣ್ಣಿನಲ್ಲಿ ಉಜ್ಜಿ ಚಿನ್ನ ಮಾಡಿಟ್ಟಿದ್ದು. ಹಗಲೆಲ್ಲ ಅವರು ಮುನಿಸಿಕೊಂಡು ಕೂತಿದ್ದಾರೆಂದು ನಾನು ತಿಳಿದಿದ್ದೆ. ಅವರು ಯೋಚಿಸುತ್ತ ಕೂತಿದ್ದರು!

"ಸುಂಕ ಅಂದ್ರೆ ನನ್ ಮನ್ಸು ಒಪ್ಪಾಕಿಲ್ಲ. ಎಣ್ಣೆ ಅನ್ನು, ಒಪ್ತೀನಿ. ಈ ಬೀಜವೇ ಎಣ್ಣೆ. ಮನೆಗೆಲ್ಲ ಒಂದೇ ಅಣತೆ, ಯಾರ್ದೂ ಬ್ಯಾರೆ ಇಲ್ಲ. ದಿನಕ್ಕೊಂದ್ ಹಿಡಿ ಉಯ್ತೀನಿ. ಸಂಜೇಲಿ ದೀಪ ಬಿರೀನೆ ಕುಡೀತದೆ, ಗಡಿಯಾರ ಹೊಡ್ದಾಗ್ಲೆಲ್ಲ ಎರಡು ತಗೀತೀನಿ, ಎಂಟಾದ್ ಮ್ಯಾಕೆ ಒಂದು. ಎಣ್ಣೆ ತೀರಿದ್ ಮ್ಯಾಲೆ ನಾನೇ ಶಾಂತ ಮಾಡ್ತೀನಿ. ಅದ್ರಲ್ಲಿ ತಪ್ಪಿಲ್ಲ."

ಎಷ್ಟು ಹೊತ್ತಿಗೆ ಎಷ್ಟು ಎಂದು ಲೆಕ್ಕ ಹಾಕಿದ್ದು ನಾನು. ಆ ಲೆಕ್ಕದೊಳಗೆ ಒಂದು ಬತ್ತಿಯಿಟ್ಟು ಹೊತ್ತಿಸಿದವರು ಅವರು.

"ನಾಲ್ಕು ದೀಪ ಹಚ್ಚಿದರೆ ಒಂದು ಹಿಡಿ ಸಾಲದಲ್ಲ, ಅತ್ತೆ?" ಎಂದೆ.

"ನಾಕ್ಯಾಕೆ? ದ್ಯಾವ್ರಿಗೆ ತುಪ್ಪದ ದೀಪ ಐತೆ. ಮನೇಲಿ ಬೆಂಕಿ ಇರೋ ಜಾಗ ಯಾವ್ದು? ಒಲೆ. ಲಕ್ಷ್ಮಿ ಮೊದ್ಲು ಬರಾದೇ ಅಲ್ಲಿಗೆ. ಅಲ್ಲೊಂದು ದೀಪ ಅಚ್ಚು, ಎಲ್ರೂ ಅಲ್ಲೇ ಕುಂತ್ಕಳಿ."

ಹೀಗೆ ತೆಗೆಸಿಹಾಕಬೇಕೆಂದಿದ್ದ ಬಲ್ಬೇ ಮನೆಯ ಪಟ್ಟದ ದೀಪವಾಯಿತು. ಮೊದಲೆರಡು ದಿನ ನಮ್ಮವರು ಪಡಸಾಲೆಯಲ್ಲಿ ಕತ್ತಲಲ್ಲೇ ಗಂಭೀರವಾಗಿ ಕೂತು ನೋಡಿದರು. ಮೂರನೆಯ ದಿನ ಪತ್ರಿಕೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಐದನೆಯ ದಿನ ಮಣೆ ಹಾಕಿಕೊಂಡರು. ವಾರ ಕಳೆಯುವುದರೊಳಗೆ, ಮುಂದೆ ಮೊರವಿದ್ದ ಮೇಲೆ ಕೈ ಸುಮ್ಮನಿರುವುದೇಕೆಂದು ನೆನೆಸಿಟ್ಟ ಅವರೆಕಾಳು ಹಿದುಕತೊಡಗಿದರು. ಹತ್ತು ವರ್ಷದ ಸಂಸಾರದಲ್ಲಿ ಅವರು ಸಾರಿಗೆ ಉಪ್ಪು ಹೆಚ್ಚೆಂದು ಹೇಳಿದ್ದನ್ನು ಕೇಳಿದ್ದೆನೇ ಹೊರತು, ಆ ಸಾರು ಹುಟ್ಟುವುದನ್ನು ಅವರು ನೋಡಿದ್ದು ಆಗಲೇ. "ಇದಕ್ಕೆ ಇಷ್ಟೊಂದು ಕೆಲಸವಾ?" ಎಂದರು ಒಂದು ದಿನ, ಬೆರಳ ತುದಿ ಸುಕ್ಕುಗಟ್ಟಿದ್ದನ್ನು ನೋಡಿಕೊಳ್ಳುತ್ತ. ಕೆಲವು ಮಾತನ್ನು ಸವಿಯಲು ಬಾಯಿ ಮುಚ್ಚಿಕೊಂಡಿರಬೇಕು.

ಸರೋಜ ಬಾಯಿಪಾಠ ಒಪ್ಪಿಸಿದರೆ ಅತ್ತೆಯವರು ತಪ್ಪು ಹಿಡಿಯುತ್ತಿದ್ದರು, ಓದಲು ಬಾರದಿದ್ದರೂ! ನಿನ್ನೆ ಹೇಳಿದ ಹಾಗೆ ಇಂದು ಹೇಳಲಿಲ್ಲವೆಂದು. ಹುಡುಗಿಯರಿಗೆ ಬೆಳಗಿನ ಜಾವದ ಪುಕ್ಕಟೆ ಬೆಳಕಿನ ಆಸೆ ಹತ್ತಿತು. ಚಳಿಯಲ್ಲಿ ಒಂದೇ ಕಂಬಳಿಯೊಳಗೆ ಇಬ್ಬರೂ ಮುದುಡಿಕೊಂಡು ಲೆಕ್ಕ ಮಾಡುತ್ತಿದ್ದರು. ಬೆಳಕಿಗೆ ಬೆಲೆ ಬಂದದ್ದರಿಂದ ಇನ್ನೊಂದು ವಿಚಿತ್ರವೂ ಆಯಿತು. ಸ್ವಿಚ್ಚು ಒತ್ತುವುದನ್ನು ಆದಷ್ಟು ತಡ ಮಾಡಲೆಂದು ಸಂಜೆ ಎಲ್ಲರೂ ಜಗುಲಿಗೆ ಬಂದು ಕೂರತೊಡಗಿದೆವು. ಸೂರ್ಯ ಮುಳುಗಿದ ಮೇಲೂ ಆಕಾಶ ಎಷ್ಟು ಹೊತ್ತು ಬೆಳಕನ್ನು ಕೈಬಿಡದೆ ಹಿಡಿದುಕೊಂಡಿರುತ್ತದೆ ಗೊತ್ತೇ? ಅಕ್ಕಿಯಲ್ಲಿನ ಕಲ್ಲು ಆರಿಸುವಷ್ಟು, ಹುಡುಗಿಯ ತಲೆ ಬಾಚಿ ಎರಡು ಜಡೆ ಹಾಕುವಷ್ಟು, ಬೀದಿಯಲ್ಲಿ ಹೋಗುವವರ ಮುಖ ಗುರುತು ಹಿಡಿದು "ಊಟವಾಯಿತೇ" ಎನ್ನುವಷ್ಟು ಬೆಳಕನ್ನು ಅದು ದಿನಾಲೂ ಸುರಿಯುತ್ತಿತ್ತು, ನಾವು ಒಳಗೆ ಬಲ್ಬು ಹಾಕಿಕೊಂಡು ಅದಕ್ಕೆ ಬೆನ್ನು ತಿರುಗಿಸಿ ಕೂತಿದ್ದೆವು.

ಕಳ್ಳತನವೂ ನಡೆಯಿತೆನ್ನಿ. ಪತ್ರಿಕೆಯ ಕೊನೆಯ ಪುಟದಲ್ಲಿರುವಾಗ ಎಣ್ಣೆ ತೀರಿದರೆ ನಮ್ಮವರಿಗೆ ತಡೆಯದು. ಅತ್ತೆಯವರು ಆಚೆ ನೋಡಿದಾಗ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಒಂದು ಬೀಜ ತೆಗೆದು ಹಣತೆಗೆ ಜಾರಿಸುತ್ತಿದ್ದರು. ವಿಮಲ ಒಂದು ದಿನ ಕೈಹಿಡಿದಳು. "ಅಜ್ಜೀ, ಅಪ್ಪ ಕಳ್ಳೆಣ್ಣೆ ಹಾಕ್ತಾರೆ!" ಅತ್ತೆಯವರು ಮಗನನ್ನು ಮೇಲಿಂದ ಕೆಳಗೆ ನೋಡಿ, "ಸರ್ಕಾರಿ ನೌಕ್ರ ಕಣಮ್ಮಿ ನಿಮ್ಮಪ್ಪ, ಹಿಂಗಾ ಮಾಡಾದು?" ಎಂದರು. ಆದರೆ ಹಬ್ಬದ ದಿನ ಅವರದೇ ಹಿಡಿ ಎಷ್ಟು ದೊಡ್ಡದಾಗುತ್ತಿತ್ತೆಂಬುದನ್ನು ನಾನೂ ನೋಡಿಯೂ ನೋಡದಂತಿದ್ದೆ.

ಸರಿ, ಆ ಬೆಳಗಿಗೆ ಬರುತ್ತೇನೆ. ಅಂದು ಹನ್ನೊಂದು ಗಂಟೆಯ ಸುಮಾರಿಗೆ ಶಾಮಣ್ಣ ಬಂದ. ನಮ್ಮವರು ಕಚೇರಿಯಿಂದ ಏನೋ ಮರೆತವರಂತೆ ಆ ಹೊತ್ತಿಗೇ ಮನೆಗೆ ಬಂದಿದ್ದರು. ಶಾಮಣ್ಣ ಬೆಂಚು ಹತ್ತಿ ಮೀಟರಿನ ಗಾಜು ಒರೆಸಿದ; ಪುಸ್ತಕ ನೋಡಿದ; ಮತ್ತೆ ಗಾಜು ಒರೆಸಿದ.

"ಮೀಟ್ರು ನಿಂತೋಗದೆ ಅನ್ಸುತ್ತೆ ಅಮ್ಮಾವ್ರೆ," ಎಂದ.

"ನಿಂತಿಲ್ಲವಪ್ಪ, ಓಡ್ತಾ ಇದೆ."

"ಓದ್ಸಲದ ಅರ್ಧಾನೂ ಬಂದಿಲ್ವಲ್ಲ! ಎಲ್ಲಾ ದೀಪ ಹಾಕಿ, ನೋಡ್ಬುಡ್ತೀನಿ."

ಹುಡುಗಿಯರು ಶಾಲೆಯಲ್ಲಿ, ನಾನೇ ಓಡಾಡಿ ನಾಲ್ಕೂ ಸ್ವಿಚ್ಚು ಒತ್ತಿದೆ. ಮಟಮಟ ಹಗಲಿನಲ್ಲಿ ನಾಲ್ಕು ಬಲ್ಬುಗಳು ನಾಚಿಕೊಂಡು ಉರಿದವು. ಮೀಟರಿನ ಚಕ್ರ ಗಿರ್ರನೆ ತಿರುಗಿತು. "ಸರ್ಯಾಗೇ ಅದೆ!" ಎಂದು ಶಾಮಣ್ಣ ಅಚ್ಚರಿಯಿಂದ ಬರೆದುಕೊಂಡ. "ಆರಿಸ್ಬುಡಿ ಅಮ್ಮಾವ್ರೆ."

"ತಡೀ, ಆರಿಸ್ಬ್ಯಾಡಾ!" ಎಂದು ಅತ್ತೆಯವರು ಮಜ್ಜಿಗೆಯ ಲೋಟವನ್ನು ಅವನ ಕೈಗಿಟ್ಟು ಒಳಗೋಡಿದರು. ಹಣತೆ ತಂದರು. ಹಗಲಿಗೆ ದರವನ್ನು ನಾನೂ ಗೊತ್ತುಮಾಡಿರಲಿಲ್ಲ, ಅವರೂ ಮಾಡಿರಲಿಲ್ಲ. ಒಂದು ಗಳಿಗೆ ಯೋಚಿಸಿ, ಒಂದು ಬೀಜ ಹಾಕಿದರು, ತಕ್ಷಣ ಅದನ್ನೇ ತೆಗೆದರು. "ತೀರ್ತು," ಎಂದು ನಾಲ್ಕನ್ನೂ ತಾವೇ ಶಾಂತ ಮಾಡಿದರು. ಶಾಮಣ್ಣ ಲೋಟ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಅವನಿಗೆ ಏನೆಂದು ಹೇಳುವುದು!

ನಮ್ಮವರು ಕನ್ನಡಕ ತೆಗೆದರು. "ವೈರಿನವನಿಗೆ ಹೇಳಬೇಕು," ಎಂದರು, "ಅಡುಗೆಮನೆ ಬಲ್ಬನ್ನ ಇನ್ನೊಂದು ಮೊಳ ಕೆಳಗಿಳಿಸಿಕೊಡು ಅಂತ. ಪತ್ರಿಕೆ ಓದೋಕೆ ಸರಿಯಾಗಿ ಕಾಣೋದಿಲ್ಲ."

ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಹಿದುಕಿದಬೇಳೆಯ ಹುಳಿ ಕುದಿಯುತ್ತಿತ್ತು. ಐದೂ ಜನ ಒಂದೇ ಬಲ್ಬಿನಡಿ. ಶಾಮಣ್ಣನ ಮುಖ ಹೇಗಾಯಿತೆಂದು ಅತ್ತೆಯವರು ನಟಿಸಿ ತೋರಿಸಿದರೆ, ಹುಡುಗಿಯರು ನಕ್ಕೂ ನಕ್ಕೂ ಒಬ್ಬರ ಮೇಲೊಬ್ಬರು ಬಿದ್ದರು. ಅಷ್ಟರಲ್ಲಿ ಗಡಿಯಾರ ಎಂಟು ಹೊಡೆಯಿತು. ಅತ್ತೆಯವರು ಕೈ ಹಾಕಿದರೆ ಹಣತೆಯಲ್ಲಿ ಉಳಿದದ್ದು ಎರಡೇ ಬೀಜ. ಆ ಸಂಭ್ರಮದಲ್ಲಿ ದೀಪ ಬೇಗ ಹಚ್ಚಿಬಿಟ್ಟಿದ್ದರು. ಎರಡನ್ನೂ ತೆಗೆದು, "ತೀರ್ತಲ್ಲಾ!" ಎಂದು ಎಲ್ಲರ ಮುಖ ನೋಡಿದರು. ಎಲೆ ಇನ್ನೂ ಹಾಕಿರಲಿಲ್ಲ. ಆದರೂ ಮಾತು ಮಾತೇ. ನಿಧಾನವಾಗಿ ಎದ್ದು ಸ್ವಿಚ್ಚಿನ ಕಡೆಗೆ ಕೈ ಚಾಚಿದರು.

ನಾನು ಸೆರಗಿನ ಗಂಟು ಬಿಚ್ಚಿದೆ. ಬೆಳಿಗ್ಗೆ ಪೊರಕೆಗೆ ಸಿಕ್ಕಿದ ಆ ಒಂದು ಬೀಜ ದಿನವೆಲ್ಲ ನನ್ನ ಸೊಂಟದಲ್ಲಿದ್ದು ಬೆಚ್ಚಗಾಗಿತ್ತು. ಬೆಳಿಗ್ಗೆ ಅದನ್ನು ಹೆಕ್ಕಿಕೊಂಡಾಗ ದಂಡವಾಗಬಾರದೆಂಬ ಜಿಪುಣತನವಷ್ಟೇ ನನ್ನಲ್ಲಿತ್ತು. ಈಗ ಅಂಗೈಯಲ್ಲಿ ಹಿಡಿದು ನೋಡಿದರೆ, ಐದು ಜನರ ಅರ್ಧ ಗಂಟೆ ಎಷ್ಟು ಚಿಕ್ಕದಾಗಿ, ಎಷ್ಟು ನುಣುಪಾಗಿ ಮಡಿಸಿಕೊಂಡು ಕೂತಿದೆ ಎನಿಸಿತು. "ಇದೊಂದು ಇದೆ, ಅತ್ತೆ," ಎಂದು ಹಣತೆಗೆ ಹಾಕಿದೆ. ಅದು ಟಣ್ಣೆಂದಿತು. ನಮ್ಮವರು ತಮ್ಮ ಖಾಲಿ ಜೇಬು ಮುಟ್ಟಿಕೊಂಡು, ಎಲ್ಲಿ ಬಿದ್ದಿತ್ತೆಂದು ತಿಳಿದು, ಪತ್ರಿಕೆಯ ಮರೆಗೆ ಹೋದರು. ಅತ್ತೆಯವರು ಮುಖ ಅರಳಿಸಿ ಮತ್ತೆ ಕೂತರು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆಯ ಗೌರಮ್ಮ ಹೆಪ್ಪಿಗೆಂದು ಬಟ್ಟಲು ಹಿಡಿದು ಯಾವಾಗ ಬಂದು ನಿಂತಿದ್ದರೋ. ಹಣೆಯ ತುಂಬ ವಿಭೂತಿ, ಬಾಯ ತುಂಬ ಎಲೆಯಡಿಕೆ. ಅವರ ಯಜಮಾನರದು ಹುಣಸೆಹಣ್ಣಿನ ವ್ಯಾಪಾರ. ಹಣತೆಯನ್ನೊಮ್ಮೆ, ಬಲ್ಬನ್ನೊಮ್ಮೆ, ನಮ್ಮೈವರ ಮುಖವನ್ನೊಮ್ಮೆ ನೋಡಿದರು. ನಾನು ಹಾಕಿಕೊಟ್ಟ ಹೆಪ್ಪನ್ನು ಸೆರಗಿನಡಿ ಮುಚ್ಚಿಕೊಂಡು, ಹೊಸ್ತಿಲು ದಾಟುತ್ತ ಹೇಳಿದರು:

"ಅಯ್ ಶಿವ್ನೆ, ಒಂದ್ ಬೀಜಕ್ಕೆ ಇಷ್ಟೊಂದ್ ಕುಣ್ದಾಟವಾ? ನಮ್ಮಟ್ಟೀಲಿ ಎರಡ್ ಮೂಟೆ ಸುಮ್ಕೆ ಬಿದ್ದದೆ, ಬೆಳಿಗ್ಗೆ ಕಳುಸ್ಕೊಡ್ತೀನಿ ಬುಡಿ."